ನೀಲಿ ಡ್ರಮ್ಮಿನ ಲಕ್ಷ್ಮಿ

ಮದುವೆ ಮನೆಯಲ್ಲಿ ಕರೆದು ಬಂದವರನ್ನು ನೋಡಿಕೊಳ್ಳಲು ಬೇಕಾದಷ್ಟು ಜನ ಇರುತ್ತಾರೆ. ಕರೆಯದೆ ಬಂದು ಪಂಕ್ತಿಯ ಕೊನೆಗೆ ಮೆಲ್ಲಗೆ ಕುಳಿತವರನ್ನು ಗುರುತಿಸಲು ಮಾತ್ರ ಬೇರೆಯದೇ ಕಣ್ಣು ಬೇಕು. ವಸುಂಧರಾ ಕುಲಕರ್ಣಿಯವರಿಗೆ ಸಂಬಳ ಬರುವುದು ಆ ಕಣ್ಣಿಗೆ.

ಕೋಲ್ಕತ್ತಾದ ತಾರಾತಲಾದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಅವರು ಗೊಬ್ಬರ ಪರೀಕ್ಷೆ ಮಾಡುತ್ತಾರೆ. ಚೀಲದ ಮೇಲೆ ಬರೆದ ಸಾರಜನಕ, ರಂಜಕ, ಪೊಟ್ಯಾಷ್ ನಿಜವಾಗಿಯೂ ಒಳಗಿವೆಯೇ ಎಂದು ನೋಡುವುದು ಬೇರೆಯವರ ಕೆಲಸ. ಚೀಲದ ಮೇಲೆ ಯಾರೂ ಬರೆಯದೆ ಇರುವುದನ್ನು ಹುಡುಕುವುದು ಇವರದು: ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್. ಒಂದು ಮೂಟೆಯಲ್ಲಿ ಒಂದು ಚಿಟಿಕೆಯಷ್ಟೂ ಇರಲಿಕ್ಕಿಲ್ಲ. ಆದರೆ ಒಮ್ಮೆ ಮಣ್ಣಿಗೆ ಇಳಿದರೆ ಅವು ಎದ್ದು ಹೋಗುವ ಪೈಕಿ ಅಲ್ಲ. ಮಳೆ ಬಂದು ಹೋಗುತ್ತದೆ, ಬೆಳೆ ಬಂದು ಹೋಗುತ್ತದೆ, ಸೀಸ ಅಲ್ಲೇ ಕಾಲು ಚಾಚಿ ಮಲಗಿರುತ್ತದೆ.

ಇಂಥ ಸೂಕ್ಷ್ಮವನ್ನು ಅಳೆಯುವ ಜಾಗಕ್ಕೆ ಹೊರಗಿನ ಧೂಳು ಒಂದು ಕಣ ಬಂದರೂ ಲೆಕ್ಕ ತಪ್ಪುತ್ತದೆ. ಆದ್ದರಿಂದ ವಸುಂಧರಾ ಬಾಗಿಲಲ್ಲೇ ನಿಂತು ಹೆಂಗಸರ ಬಳೆ ತೆಗೆಸುತ್ತಾರೆ, ಹಣೆಯ ಕುಂಕುಮ ಒರೆಸುತ್ತಾರೆ, ಬೈತಲೆಯ ಸಿಂಧೂರ ಟೋಪಿಯೊಳಗೆ ಮುಚ್ಚಿದೆಯೇ ಎಂದು ಇಣುಕಿ ನೋಡುತ್ತಾರೆ. "ದೀದಿಯ ಲ್ಯಾಬಿಗೆ ಕಾಲಿಟ್ಟರೆ ಗಂಡ ಇದ್ದೂ ಇಲ್ಲದ ಹಾಗೆ" ಎಂದು ಜೊತೆಯ ಶೋಭನಾ ನಗುತ್ತಾಳೆ.

ಈ ಕಟ್ಟುನಿಟ್ಟೆಲ್ಲ ಬಿಳಿ ಕೋಟಿಗೆ ಸೇರಿದ್ದು. ಕೋಟು ಕಳಚಿ ಬೆಹಾಲಾದ ಬಸ್ಸು ಹತ್ತಿದರೆ ಅವರು ಧಾರವಾಡದ ಮಾಳಮಡ್ಡಿಯಲ್ಲಿ ಪೇರಲ ಹಣ್ಣಿಗಾಗಿ ಕಂಪೌಂಡು ಹಾರುತ್ತಿದ್ದ ವಸು. ಕದ್ದು ತಂದ ಗಿಡವೇ ಚೆನ್ನಾಗಿ ಚಿಗುರುತ್ತದೆ ಎನ್ನುವುದು ಅವರ ಇನ್ನೊಂದು ವಿಜ್ಞಾನ. ಲೇಕ್ ಮಾರ್ಕೆಟ್ಟಿನಲ್ಲಿ ಕಾಫಿ ಪುಡಿ ಕೊಂಡರೆ ಪಕ್ಕದ ಬುಟ್ಟಿಯ ಕರಿಬೇವಿನ ಎಸಳೊಂದು ತಾನಾಗಿ ಅವರ ಚೀಲಕ್ಕೆ ಬಂದು ಬೀಳುತ್ತದೆ. ಯಾರ ಮನೆಗೆ ಊಟಕ್ಕೆ ಹೋದರೂ ಹೊರಡುವಾಗ ಆ ಮನೆಯ ಕುಂಡದಲ್ಲಿ ಒಂದು ಕಡ್ಡಿ ಕಡಿಮೆ.

"ವಸು, ಒಂದ ದಿವಸ ಪೊಲೀಸರು ನಿನ್ನ ಚೀಲಾ ಬಿಚ್ಚಿ ನೋಡ್ತಾರ ನೋಡು" ಎನ್ನುತ್ತಾರೆ ಗಂಡ ಅನಂತ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು.

"ನೋಡ್ಲಿ ಬಿಡ್ರಿ. ನೆಡಲಿಕ್ಕೆ ಅವರಿಗೂ ಒಂದ ಕಡ್ಡಿ ಕೊಟ್ರಾತು."

ಇಂಥ ವಸುಂಧರಾಗೂ ಕೈಗೆ ಸಿಗದ ಒಂದು ವಸ್ತು ಅವರದೇ ಕಟ್ಟಡದ ತಾರಸಿಯ ಮೇಲಿತ್ತು. ಒಂದು ನೀಲಿ ಡ್ರಮ್ಮು. ಅದಕ್ಕೆ ಬೀಗ.

ಡ್ರಮ್ಮು ಎರಡನೆಯ ಮಹಡಿಯ ತಾರಾಪದ ಸಾನ್ಯಾಲರದು. ಟ್ರಾಂ ಕಂಪನಿಯಲ್ಲಿ ದುಡಿದು ನಿವೃತ್ತರಾದ ಇವರ ಚಂದ್ರಮಲ್ಲಿಕಾ ಹೂಗಳಿಗೆ ಇಡೀ ಪಾಡಾದಲ್ಲಿ, ಎಂದರೆ ಓಣಿಯಲ್ಲಿ, ಎದುರಿಲ್ಲ. ಚಂದ್ರಮಲ್ಲಿಕಾ ಎಂದರೆ ನಮ್ಮ ಸೇವಂತಿಗೆಯೇ. ಧಾರವಾಡದಲ್ಲಿ ಅದು ಜಡೆಗೆ ಮುಡಿಯುವ ಹೂ. ಕೋಲ್ಕತ್ತಾದ ಚಳಿಗಾಲದಲ್ಲಿ ಅದು ಊಟದ ತಟ್ಟೆಯಷ್ಟು ಅಗಲ. ಪ್ರತಿ ಜನವರಿಯಲ್ಲಿ ಓಣಿಯ ಕ್ಲಬ್ಬಿನವರು ಹೂವಿನ ಪ್ರದರ್ಶನ ಇಡುತ್ತಾರೆ. ಪ್ರತಿ ಜನವರಿಯಲ್ಲಿ ತಾರಾಪದ ಬಾಬು ಮೊದಲು, ವಸುಂಧರಾ ಎರಡನೆಯವರು.

"ದಾದಾ, ಆ ಡ್ರಮ್ಮಿನಲ್ಲಿ ಏನಿದೆ, ಹೇಳಬಾರದೇ?"

"ಬೌದಿ, ಮೂತ್ರಪಿಂಡ ಕೇಳಿ, ಎರಡಿವೆ, ಒಂದು ಕೊಡುತ್ತೇನೆ. ಗೊಬ್ಬರ ಕೇಳಬೇಡಿ." ನೆರೆಮನೆಯಾಕೆ ಬಂಗಾಳಿಗಳಿಗೆ ಬೌದಿ, ಎಂದರೆ ಅತ್ತಿಗೆ.

ಸಾಸಿವೆ ಹಿಂಡಿ ಕೊಳೆಹಾಕಿದ್ದಾರೆ ಎಂದು ವಾಸನೆಯೇ ಹೇಳುತ್ತಿತ್ತು. ಅದನ್ನು ಇಲ್ಲಿ ಎಲ್ಲರೂ ಹಾಕುತ್ತಾರೆ. ಅದರ ಹಿಂದೆ ಇನ್ನೇನೋ ಇತ್ತು. ಸತುವೇ? ಬೋರಾನೇ? ಗೊಬ್ಬರದ ಒಳಗುಟ್ಟು ತಿಳಿಯುವುದೇ ಕಸುಬಾದವರಿಗೆ ತಲೆಯ ಮೇಲೆಯೇ ಇಂಥದೊಂದು ಡ್ರಮ್ಮು ಕುಳಿತಿರುವುದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ.

ಪ್ರದರ್ಶನಕ್ಕೆ ಕೆಲವೇ ದಿನ ಇರುವಾಗ ಅವಕಾಶ ಬಂತು. ತಾರಾಪದ ಬಾಬು ಡ್ರಮ್ಮಿನ ಮುಚ್ಚಳ ತೆಗೆದು ಕೋಲಿನಿಂದ ತಿರುವುತ್ತಿದ್ದರು. ಕೆಳಗಿನ ಮನೆಯಲ್ಲಿ ಮೊಮ್ಮಗಳು ಮಿಷ್ಟು ಬಿದ್ದು ಅತ್ತಳು. ಎರಡು ವರ್ಷದ ಆ ಹುಡುಗಿ ಅತ್ತರೆ ತಾತ ಭೂಕಂಪವಾದಂತೆ ಓಡುತ್ತಾರೆ. ಆ ದಿನವೂ ಓಡಿದರು. ಬಟ್ಟೆ ಒಣಹಾಕಲು ಬಂದಿದ್ದ ವಸುಂಧರಾ ಕೋಲಿಗೆ ಅಂಟಿದ್ದ ಕೆಸರನ್ನು, ಇದಕ್ಕೆಂದೇ ತೊಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಖಾಲಿ ಕಾಡಿಗೆ ಡಬ್ಬಿಗೆ ಬಳಿದುಕೊಂಡರು. ಒಂದು ಚಮಚ ಸಾಕಿತ್ತು. ಕೈ ಯಾಕೋ ಎರಡು ಚಮಚ ತೆಗೆದುಕೊಂಡಿತು.

ಮರುದಿನ ಊಟದ ಬಿಡುವಿನಲ್ಲಿ ಡಬ್ಬಿ ಲ್ಯಾಬಿನ ಮೇಜಿನ ಮೇಲಿತ್ತು. ಒಣಗಿಸಿ ಜರಡಿ ಹಿಡಿದಾಗ ಮೇಲೆ ಒಂದಿಷ್ಟು ನಾರು, ಅಕ್ಕಿ ಕಾಳಿನಂಥ ಒಂದು ಹರಳು ಉಳಿದವು. ಅವನ್ನು ಕಾಗದದ ಮೇಲೆ ಪಕ್ಕಕ್ಕಿಟ್ಟು ಪುಡಿಯನ್ನು ನೈಟ್ರಿಕ್ ಆಸಿಡ್ಡಿನಲ್ಲಿ ಕರಗಿಸಿ ಯಂತ್ರಕ್ಕೆ ಕೊಟ್ಟರು.

"ಯಾವ ಕಂಪನಿಯದು ದೀದಿ?" ಶೋಭನಾ ಕೇಳಿದಳು.

"ನಮ್ಮ ತಾರಸಿ ಕಂಪನಿ."

ಯಂತ್ರ ಸತು, ಬೋರಾನ್ ಎರಡನ್ನೂ ಸಾಧಾರಣ ಎಂದಿತು. ಸೀಸದ ಸಾಲಿಗೆ ಬಂದಾಗ ಅಂಕಿ ಪರದೆಯ ತುದಿಗೆ ಏರಿತು. ವಸುಂಧರಾ ಮೊದಲು ತಮ್ಮ ಕೈಯನ್ನೇ ಅನುಮಾನಿಸಿದರು. ಮಾದರಿ ಇಲ್ಲದ ಬರೀ ಆಸಿಡ್ಡನ್ನು, ಅವರು ಬ್ಲ್ಯಾಂಕ್ ಎನ್ನುವುದನ್ನು, ಓಡಿಸಿ ನೋಡಿದರು. ಅದು ಮಗುವಿನ ಮನಸ್ಸಿನಷ್ಟು ಖಾಲಿ. ಕೆಸರನ್ನು ಮತ್ತೆ ಓಡಿಸಿದರು. ಮತ್ತೆ ಅದೇ ಸೀಸ. ಜೊತೆಗೆ ಕ್ರೋಮಿಯಂ. ನಾಲ್ಕು ಪಾಲು ಸೀಸಕ್ಕೆ ಒಂದು ಪಾಲು ಕ್ರೋಮಿಯಂ. ಈ ಇಬ್ಬರು ಇದೇ ಲೆಕ್ಕದಲ್ಲಿ ಕೈಕೈ ಹಿಡಿದು ಓಡಾಡುವುದು ಅಗ್ಗದ ಹಳದಿ ಬಣ್ಣದಲ್ಲಿ.

ಹೂವಿನ ಗೊಬ್ಬರಕ್ಕೆ ಹಳದಿ ಬಣ್ಣ ಏಕೆ? ಪಕ್ಕಕ್ಕಿಟ್ಟ ಹರಳನ್ನು ಭೂತಗನ್ನಡಿಯ ಕೆಳಗೆ ಹಿಡಿದರು. ಹರಳಲ್ಲ, ಅದು ಬೆರಳು. ಮಣ್ಣಿನ ಪುಟ್ಟ ಬೆರಳು, ಮೇಲೆ ಹಳದಿ, ತುದಿಗೆ ಕೆಂಪು ಚುಕ್ಕೆಯ ಉಗುರು.

ಶೋಭನಾ ಇಣುಕಿ ನೋಡಿ ಕೈ ಜೋಡಿಸಿದಳು. "ಮಾ ಲಕ್ಷ್ಮಿ!"

ಬಂಗಾಳದ ಮನೆಮನೆಯಲ್ಲಿ ಶರತ್ ಪೂರ್ಣಿಮೆಗೆ ಲಕ್ಷ್ಮಿಯ ಮಣ್ಣಿನ ಮೂರ್ತಿ ಇಡುತ್ತಾರೆ. ಹಳೆಯದನ್ನು ಗಂಗೆಗೆ ಒಯ್ಯಲು ಪುರುಸೊತ್ತಿಲ್ಲದವರು ಯಾವುದಾದರೂ ಆಲದ ಮರದ ಬುಡದಲ್ಲಿ ಇಟ್ಟು, ಕೈ ಮುಗಿದು, ಹಿಂದೆ ನೋಡದೆ ಹೋಗಿಬಿಡುತ್ತಾರೆ. ಇವರ ಓಣಿಯ ಕೆರೆಯ ದಂಡೆಯ ಆಲದ ಕೆಳಗೂ ಪ್ರತಿ ವರ್ಷ ಲಕ್ಷ್ಮಿಯರ ಒಂದು ಸಭೆ ಸೇರುತ್ತಿತ್ತು, ಕೆಲವು ದಿನಕ್ಕೆ ಕರಗುತ್ತಿತ್ತು. ಮಳೆಗೆ ಕರಗುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಅದು ಕರಗುತ್ತಿದ್ದದ್ದು ತಾರಾಪದ ಬಾಬುವಿನ ಡ್ರಮ್ಮಿನಲ್ಲಿ.

ವಸುಂಧರಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೀಗ ಯಾಕೆಂದು ಈಗ ತಿಳಿಯಿತು! ದೇವಿಯನ್ನು ಕೊಳೆಸಿ ಹೂ ಬೆಳೆಯುತ್ತಾರೆ ಎಂದು ಗೊತ್ತಾದರೆ ಪಾಡಾದ ಮುದುಕಿಯರು ಇವರನ್ನೇ ಗಂಗೆಗೆ ಬಿಟ್ಟಾರು.

ನಗು ಮುಗಿಯುವ ಮೊದಲೇ ಪಾಲಕ್ ನೆನಪಾಯಿತು. ಚಂದ್ರಮಲ್ಲಿಕಾ ಸಾಲಿನ ಪಕ್ಕದಲ್ಲೇ ಪಾಲಕ್ಕಿನ ಕುಂಡಗಳು. ಅದೇ ಡ್ರಮ್ಮು, ಅದೇ ಕೋಲು. ಪ್ರತಿ ಭಾನುವಾರ ಒಂದು ಕಟ್ಟು ವಸುಂಧರಾ ಮನೆಗೆ; ಉಳಿದದ್ದೆಲ್ಲ ಮಿಷ್ಟುವಿನ ಮಧ್ಯಾಹ್ನದ ಖಿಚುಡಿಗೆ. "ನನ್ನ ಮೊಮ್ಮಗಳು ಬಜಾರಿನ ಸೊಪ್ಪು ಮುಟ್ಟುವುದಿಲ್ಲ" ಎಂದು ತಾತ ಎದೆ ಉಬ್ಬಿಸಿ ಹೇಳುತ್ತಿದ್ದರು. ದೊಡ್ಡವರ ಮೈ ಇಂಥದನ್ನು ಹೇಗೋ ಸಹಿಸುತ್ತದೆ. ಎರಡು ವರ್ಷದ ಮಗುವಿನ ಮೆದುಳು ಈಗಷ್ಟೇ ಚಿಗುರುವ ಕಾಲ.

"ನೇರ ಹೋಗಿ ಹೇಳು" ಎಂದರು ಅನಂತ, ವಿಷಯ ಕೇಳಿ.

"ಏನಂತ ಹೇಳ್ಲಿ? ದಾದಾ, ನಿಮ್ಮ ಡ್ರಮ್ಮಿನಾಗ ಕಳವು ಮಾಡೇನಿ ಅಂತ? ಮುಂದಿನ ರವಿವಾರ ಪ್ರದರ್ಶನ ಅದ. ಸೋತ ಹೊಟ್ಟೆಕಿಚ್ಚಿಗೆ ವಿಷ ಅಂತ ಸುದ್ದಿ ಹಬ್ಬಸ್ಯಾಳ ಅಂತಾರ."

"ಕೂಸಿನಕಿಂತ ಪ್ರದರ್ಶನ ದೊಡ್ಡದೇನು?"

"ಕೂಸಿನ ಬಾಯಿಗೆ ಸೊಪ್ಪು ಹೋಗಬಾರದು, ಅಷ್ಟ ಅಲ್ಲ? ಅದನ್ನ ನಾ ಮಾಡ್ತೇನಿ."

ಮೊದಲ ಉಪಾಯವಾಗಿ ಬಜಾರಿನಿಂದ ಎಳೆಯ ಪಾಲಕ್ಕಿನ ದೊಡ್ಡ ಹೊರೆ ತಂದು ಮಿಷ್ಟುವಿಗೆಂದು ಕೊಟ್ಟರು. ತಾರಾಪದ ಬಾಬು ಎರಡು ಬೆರಳಲ್ಲಿ ಹಿಡಿದು ಮೂಸಿದರು. "ಬೌದಿ, ಇದು ಚರಂಡಿ ನೀರಿನದು. ನಿಮ್ಮ ಮನೆಯಲ್ಲಿ ಸೊಪ್ಪು ಮುಗಿಯಿತೇ? ಹೇಳಬಾರದೇ!" ಎಂದು ತಮ್ಮದೇ ಎರಡು ಕಟ್ಟು ಕೈಗಿಟ್ಟು ಕಳಿಸಿದರು.

ಎರಡನೆಯ ಉಪಾಯ ಕಳ್ಳತನ. ಕೋಲ್ಕತ್ತಾದಲ್ಲಿ ಕಳ್ಳರಿಗೆ ಕತ್ತಲೆ ಬೇಕಿಲ್ಲ. ಮಧ್ಯಾಹ್ನ ಅನ್ನ ಉಂಡ ಮೇಲಿನ ನಿದ್ದೆಗೆ ಇಡೀ ಓಣಿ ಹೊದ್ದು ಮಲಗುತ್ತದೆ, ಕಾಗೆಯೂ ಕೂಗುವುದಿಲ್ಲ. ಆ ಹೊತ್ತಿಗೆ ವಸುಂಧರಾ ತಾರಸಿಗೆ ಹೋಗಿ ಪಾಲಕ್ಕನ್ನೆಲ್ಲ ಬೇರುಸಹಿತ ಕಿತ್ತು ಬಕೆಟ್ಟಿನಲ್ಲಿ ಒದ್ದೆ ಬಟ್ಟೆಯ ಕೆಳಗೆ ಮುಚ್ಚಿ ಇಳಿದರು.

ಸಂಜೆ ತಾರಸಿಯಲ್ಲಿ ಪಂಚಾಯ್ತಿ. ತಾರಾಪದ ಬಾಬು ಖಾಲಿ ಕುಂಡಗಳ ನಡುವೆ ಮಂಕಿ ಟೋಪಿ ಧರಿಸಿ ನಿಂತು ತರ್ಕ ಮಂಡಿಸಿದರು. "ಚಂದ್ರಮಲ್ಲಿಕಾ ಮುಟ್ಟಿಲ್ಲ, ಬರೀ ಸೊಪ್ಪು. ಬಂಗಾಳಿ ಕದ್ದರೆ ಮೀನು ಕದಿಯುತ್ತಾನೆ. ಸೊಪ್ಪು ಕದಿಯುವವನು ಅಪ್ಪಟ ಸಸ್ಯಾಹಾರಿ!"

ಎಲ್ಲರ ಕಣ್ಣೂ ಮೂರನೆಯ ಮಹಡಿಯ ಬಾಡಿಗೆದಾರ ರಾಘವನತ್ತ ತಿರುಗಿತು. ಬೆಂಗಳೂರಿನಿಂದ ಐಟಿ ಕೆಲಸಕ್ಕೆ ಬಂದ, ಸಸ್ಯಾಹಾರಿ ಮನೆತನದ ಹುಡುಗ. ವಸುಂಧರಾ ಅವರತ್ತ ಯಾರೂ ನೋಡಲಿಲ್ಲ; ಕೇಳುವ ಮೊದಲೇ ಕೊಡುತ್ತಿರುವಾಗ ಅವರೇಕೆ ಕದಿಯುತ್ತಾರೆ?

ರಾಘವ ಅವರನ್ನು ಮೂಲೆಗೆ ಕರೆದ. "ಆಂಟಿ, ನೀವಾದ್ರೂ ಹೇಳಿ. ನಾನು ದಿನಾ ತಿನ್ನೋದು ಚಿಕನ್ ರೋಲು. ಆದ್ರೆ ಇಲ್ಲಿ ಹಾಗಂದ್ರೆ ಅಮ್ಮನ ಕಿವಿಗೆ ಬೀಳತ್ತೆ. ಈ ವಾರ ಬಂದಿದಾರೆ, ಒಳಗೇ ಇದಾರೆ."

"ಸುಮ್ಮನಿರಪಾ. ಎರಡ ದಿನದಾಗ ಮರೀತಾರ."

ತಾರಾಪದ ಬಾಬು ಮರೆಯುವವರಲ್ಲ. ಆಗಲೇ ಹೊಸ ಬೀಜ ತಂದಿದ್ದರು. "ಈ ಸಲ ಗೊಬ್ಬರ ಎರಡರಷ್ಟು ಹಾಕುತ್ತೇನೆ. ಸೊಪ್ಪು ಬರುವವರೆಗೆ ಮಿಷ್ಟುಗೆ ನನ್ನ ಗಜ್ಜರಿ ಇದೆ. ಇಗೋ, ಹಿಂದಿನ ಸಾಲು, ಕಳ್ಳನಿಗೆ ಕಂಡೇ ಇಲ್ಲ!"

ವಸುಂಧರಾಗೂ ಕಂಡಿರಲಿಲ್ಲ. ಎಲೆಯ ಮೇಲೆ ಬಿದ್ದ ಮಣ್ಣನ್ನಾದರೂ ತೊಳೆಯಬಹುದು. ಗಜ್ಜರಿ ಬೆಳೆಯುವುದೇ ಮಣ್ಣಿನ ಹೊಟ್ಟೆಯೊಳಗೆ.

ಮರುದಿನ ಬೆಳಿಗ್ಗೆ ಅವರು ಬೆಂಕಿಪೊಟ್ಟಣವೊಂದನ್ನು ಹಿಡಿದು ತಾರಸಿಗೆ ಹೋದರು. ಎಳೆ ಬಿಸಿಲು. ತಾತ ಮೊಮ್ಮಗಳಿಗೆ ಎಣ್ಣೆ ಹಚ್ಚಿ ಚಾಪೆಯ ಮೇಲೆ ಬಿಟ್ಟಿದ್ದರು.

"ತೆಗೆದು ನೋಡಿ ದಾದಾ."

ತಾರಾಪದ ಬಾಬು ತೆಗೆದರು, ಒಳಗಿನ ಹಳದಿ ಬೆರಳು ಕಂಡು ತಕ್ಷಣ ಮುಚ್ಚಿದರು, ತಾರಸಿಯ ನಾಲ್ಕೂ ದಿಕ್ಕು ನೋಡಿದರು. "ಇದು... ಎಲ್ಲಿ ಸಿಕ್ಕಿತು?"

"ನಿಮ್ಮ ಡ್ರಮ್ಮಿನಲ್ಲಿ."

"ಅದಕ್ಕೆ ಬೀಗ ಇದೆ."

"ಮಿಷ್ಟು ಬಿದ್ದ ದಿನ ಇರಲಿಲ್ಲ."

ಅವರ ಮುಖದಲ್ಲಿ ಲೆಕ್ಕ ಕೂಡುತ್ತ ಹೋಗುವುದು ಕಾಣುತ್ತಿತ್ತು. "ಹಾಗಾದರೆ ಪಾಲಕ್ಕೂ?"

"ನಾನೇ. ರಾಘವ ಪಾಪದವನು."

"ಏನು ಮಾಡಿಕೊಂಡಿರಿ? ಸಾರೇ?"

"ಎಸೆದೆ."

"ಎಸೆದಿರಾ!" ತಾರಾಪದ ಬಾಬು ಎದ್ದೇ ನಿಂತರು. "ತಿಂದಿದ್ದರೆ ಕ್ಷಮಿಸುತ್ತಿದ್ದೆ ಬೌದಿ. ಎಸೆದಿರಾ!"

ಆಗ ವಸುಂಧರಾ ಎಲ್ಲವನ್ನೂ ಹೇಳಿದರು. ಸೀಸ, ಹಳದಿ ಬಣ್ಣ, ಮಗುವಿನ ಖಿಚುಡಿ. ಹೇಳುವಾಗ ಅವರ ದನಿ ಲ್ಯಾಬಿನದೂ ಆಗಿರಲಿಲ್ಲ, ಓಣಿಯದೂ ಆಗಿರಲಿಲ್ಲ.

"ತಾಯಿಯ ಮಣ್ಣು ವಿಷವೇ?" ತಾರಾಪದ ಬಾಬು ಮೆಲ್ಲಗೆ ಕೇಳಿದರು. "ಮರದ ಕೆಳಗೆ ನಾಯಿ ಕಾಲೆತ್ತುತ್ತಿತ್ತು, ನೋಡಲಾಗುತ್ತಿರಲಿಲ್ಲ. ಎತ್ತಿ ತಂದೆ. ಹೂವಾಗಲಿ ಅಂದುಕೊಂಡೆ."

"ಮಣ್ಣಲ್ಲ ದಾದಾ, ಮೇಲಿನ ಬಣ್ಣ. ಹೂವಿಗೆ ಹಾಕಿದಿರಿ, ಹೂವನ್ನು ಯಾರೂ ತಿನ್ನುವುದಿಲ್ಲ. ಆದರೆ..."

ಆದರೆ ಮಿಷ್ಟು ಚಾಪೆಯಿಂದ ಇಳಿದು ಕುಂಡದ ಮಣ್ಣಿಗೆ ಬೆರಳು ಅದ್ದಿ ಬಾಯಿಯ ಕಡೆಗೆ ಒಯ್ಯುತ್ತಿದ್ದಳು. ಇಬ್ಬರೂ ಓಡಿದರು. ತಾತ ಮೊದಲು ಮುಟ್ಟಿದರು. ಆ ಪುಟ್ಟ ಬೆರಳನ್ನು ಶಾಲಿನಿಂದ ಒರೆಸಿದರು, ಮತ್ತೆ ಒರೆಸಿದರು, ಒರೆಸುತ್ತಲೇ ಇದ್ದರು.

"ಎಷ್ಟು ತಿಂದಿರಬಹುದು ಬೌದಿ?"

"ನನ್ನ ಯಂತ್ರಕ್ಕೆ ಗೊಬ್ಬರ ಮಾತ್ರ ಗೊತ್ತು. ರಕ್ತ ಪರೀಕ್ಷೆ ಆಗಬೇಕು. ಇವತ್ತೇ."

ಸೊಸೆ ಪಾರೊಮಿತಾಗೆ ಏನು ಹೇಳುವುದು? ಇಬ್ಬರು ಹಿರಿಯರು ಹೂಕುಂಡಗಳ ನಡುವೆ ಕುಕ್ಕರುಗಾಲಲ್ಲಿ ಕುಳಿತು ಒಂದು ಸುಳ್ಳು ಹೆಣೆಯತೊಡಗಿದರು. ಬಜಾರಿನ ಗೊಬ್ಬರ ಕಲಬೆರಕೆ ಎನ್ನೋಣವೇ? ಪೇಪರಿನಲ್ಲಿ ಸುದ್ದಿ ಬಂದಿದೆ ಎನ್ನೋಣವೇ? ಕೊನೆಗೆ ಲ್ಯಾಬಿನವರು ಕಟ್ಟಡದ ಮಕ್ಕಳಿಗೆಲ್ಲ ಪರೀಕ್ಷೆ ಮಾಡಿಸುತ್ತಿದ್ದಾರೆ ಎಂದು ಹೇಳುವುದೆಂದು ತೀರ್ಮಾನಿಸಿ ಕೆಳಗೆ ಹೋದರು.

ಪಾರೊಮಿತಾ ಶಾಲೆಯಲ್ಲಿ ಗಣಿತ ಕಲಿಸುವವಳು. ಪೂರ್ತಿ ಕೇಳಿಸಿಕೊಂಡಳು. "ಕಟ್ಟಡದಲ್ಲಿ ಇರುವ ಮಗು ಮಿಷ್ಟು ಒಬ್ಬಳೇ. ಬಾಬಾ, ಡ್ರಮ್ಮಿನಲ್ಲಿ ಏನಿದೆ?"

ಮಾವ ಸುಳ್ಳು ಮರೆತರು. "ಲಕ್ಷ್ಮಿ" ಎಂದರು. ಎಲ್ಲ ಹೇಳಿದರು. ಕೊನೆಗೆ ಸೇರಿಸಿದರು: "ನನಗೇ ಸಂಶಯ ಬಂದು ಬೌದಿಗೆ ಕೊಟ್ಟು ಪರೀಕ್ಷೆ ಮಾಡಿಸಿದೆ."

ವಸುಂಧರಾ ಅವರ ಕಳ್ಳತನಕ್ಕೆ ಇಷ್ಟು ಚಂದದ ಬಟ್ಟೆ ಯಾರೂ ಹೊಲಿದಿರಲಿಲ್ಲ. ಒಂದು ಕ್ಷಣ ಅದನ್ನು ಉಟ್ಟುಕೊಂಡೇ ನಿಂತರು. ಆಮೇಲೆ ಚುಚ್ಚತೊಡಗಿತು. "ಇಲ್ಲ ಪಾರೊಮಿತಾ. ಕದ್ದೆ. ನಿಮ್ಮ ಮಾವನನ್ನು ಸೋಲಿಸಲು ಕದ್ದೆ. ತಿಳಿದ ಮೇಲೂ ದಿನ ಕಳೆದೆ. ಅದು ಕದ್ದದ್ದಕ್ಕಿಂತ ದೊಡ್ಡ ತಪ್ಪು."

ಪಾರೊಮಿತಾ ಇಬ್ಬರನ್ನೂ, ತರಗತಿಯ ಹೊರಗೆ ನಿಲ್ಲಿಸಿದ ಹುಡುಗರನ್ನು ನೋಡುವಂತೆ ನೋಡಿದಳು. ಮಗುವನ್ನು ಎತ್ತಿಕೊಂಡು ಚಪ್ಪಲಿ ಮೆಟ್ಟುತ್ತ ವಸುಂಧರಾ ಕಡೆ ತಿರುಗಿದಳು. "ಕಾಕಿಮಾ, ನೀವೂ ಬನ್ನಿ. ಡಾಕ್ಟರಿಗೆ ಸರಿಯಾಗಿ ಹೇಳುವವರು ಬೇಕು. ಬಾಬಾ, ನೀವು ಬೇಡ. ನೀವು ಮೊದಲು ರಾಘವನ ಮನೆಗೆ ಹೋಗಿ."

ತಾರಾಪದ ಬಾಬು ಸಂದೇಶ್ ಸಿಹಿಯ ಪೆಟ್ಟಿಗೆ ಹಿಡಿದು ರಾಘವನ ಬಾಗಿಲು ತಟ್ಟಿದರು. ತಾಯಿಯ ಎದುರಿಗೇ ಅವನ ಭುಜ ತಟ್ಟಿ, "ನಿಮ್ಮ ಮಗ ಸೊಪ್ಪು ಕದಿಯುವವನಲ್ಲ, ಅವನಿಗೆ ಸೊಪ್ಪೇ ಸೇರುವುದಿಲ್ಲವಂತೆ!" ಎಂದು ಹೊಗಳಿದರು. ಆ ಮನೆಯಲ್ಲಿ ಆಮೇಲೆ ನಡೆದ ವಿಚಾರಣೆ ಬೇರೆಯೇ ಕಥೆ.

ರಕ್ತದ ವರದಿ ಬರುವಷ್ಟರಲ್ಲಿ ಹೂವಿನ ಪ್ರದರ್ಶನ ಬಂದುಬಿಟ್ಟಿತು. ಕ್ಲಬ್ಬಿನ ಮೈಕು ತಾರಸಿಯವರೆಗೂ ಕೇಳುತ್ತಿತ್ತು. ಇಬ್ಬರ ಕುಂಡಗಳಲ್ಲಿ ಒಂದೂ ಕೆಳಗಿಳಿಯಲಿಲ್ಲ. ತಾರಾಪದ ಬಾಬು ತಟ್ಟೆಯಗಲದ ಹೂಗಳ ನಡುವೆ ಅವುಗಳ ಕಡೆ ಬೆನ್ನು ಮಾಡಿ ಕುಳಿತಿದ್ದರು. ವಸುಂಧರಾ ಫಿಲ್ಟರ್ ಕಾಫಿ ತಂದು ಪಕ್ಕದಲ್ಲಿ ಕುಳಿತರು. ಹಿಂದಿನ ಓಣಿಯ ಬ್ಯಾಂಕ್ ಮ್ಯಾನೇಜರರಿಗೆ ಮೊದಲ ಬಹುಮಾನ ಎಂದು ಮೈಕು ಕೂಗಿತು.

"ಆ ಎಲೆಕೋಸಿಗೆ?" ಎಂದರು ತಾರಾಪದ ಬಾಬು, ಅಷ್ಟು ದುಃಖದಲ್ಲೂ.

"ಎಲೆಕೋಸಿಗಾದರೂ ಒಂದು ಆಕಾರ ಇರುತ್ತದೆ" ಎಂದರು ವಸುಂಧರಾ.

ಆಗ ಪಾರೊಮಿತಾ ಫೋನು ಹಿಡಿದು ಮೇಲೆ ಬಂದಳು. ಇಬ್ಬರೂ ಲೋಟ ಕೆಳಗಿಟ್ಟರು. "ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಿದೆ. ಔಷಧ ಬೇಡವಂತೆ. ಆ ಮಣ್ಣು, ಆ ಸೊಪ್ಪು ಮುಟ್ಟಿಸದಿದ್ದರೆ ತಾನಾಗಿ ಇಳಿಯುತ್ತದಂತೆ. ಬೇಸಿಗೆಯಲ್ಲಿ ಮತ್ತೆ ನೋಡಬೇಕು."

ತಾರಾಪದ ಬಾಬು ಮಂಕಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡರು. ವಸುಂಧರಾ ಮೈಕಿನ ಕಡೆ ನೋಡುತ್ತ ಕುಳಿತರು.

ಟೋಪಿ ತೆಗೆದ ಮೇಲೆ ಅವರು ಮೊದಲು ಹೇಳಿದ್ದು, "ಈ ಡ್ರಮ್ಮು ಇವತ್ತೇ ಹೋಗಬೇಕು."

ಎಲ್ಲಿಗೆ? ದೇವಿಯ ಮಣ್ಣನ್ನು ಕಸದ ಗಾಡಿಗೆ ಹಾಕಲು ಅವರು ಒಪ್ಪಲಿಲ್ಲ. ಸೀಸದ ಮಣ್ಣನ್ನು ಗಂಗೆಗೆ ಬಿಡಲು ವಸುಂಧರಾ ಒಪ್ಪಲಿಲ್ಲ. ಗಲಾಟೆ ಜೋರಾಗಿ ಅನಂತ ಮೇಲೆ ಬಂದರು. "ವಸು, ನಿಮ್ಮ ಲ್ಯಾಬಿನ ಹೊಲಸು ಒಯ್ಯಲಿಕ್ಕೆ ಬ್ಯಾರೆ ಗಾಡಿ ಬರ್ತದಲ್ಲ?" ಹೌದು, ಬರುತ್ತಿತ್ತು. ವಿಷದ ತ್ಯಾಜ್ಯಕ್ಕೆಂದೇ ಇರುವ ಗಾಡಿ. ಅದನ್ನು ನೀರೂ ಬೇರೂ ಮುಟ್ಟದ ಹಾಗೆ ಹೂಳುತ್ತಾರೆ. ವಸುಂಧರಾ ಆ ಸಂಜೆಯೇ ಫೋನಿನಲ್ಲಿ ಮೇಲಿನವರಿಗೆ ಕಾಡಿಗೆ ಡಬ್ಬಿಯಿಂದ ಹಿಡಿದು ಎಲ್ಲವನ್ನೂ ಹೇಳಿ, ಬೈಸಿಕೊಂಡು, ಕೊನೆಗೆ ಅನುಮತಿ ಪಡೆದರು.

ಸೋಮವಾರ ಡ್ರಮ್ಮಿನ ಕೆಸರು, ಕುಂಡಗಳ ಮಣ್ಣು ಎಲ್ಲ ಚೀಲ ಸೇರಿ ಒಂದು ಸಣ್ಣ ಟೆಂಪೋ ಏರಿತು. ತಾರಾಪದ ಬಾಬು ಇಸ್ತ್ರಿ ಮಾಡಿದ ಪಂಚೆ ಉಟ್ಟು ಎಲ್ಲಕ್ಕಿಂತ ಮೇಲೆ ಒಂದು ಚಂದ್ರಮಲ್ಲಿಕಾ ಇಟ್ಟು ಪಕ್ಕದಲ್ಲಿ ಕುಳಿತರು. ಲ್ಯಾಬಿನ ಹಿಂಬದಿಯ ಶೆಡ್ಡಿನಲ್ಲಿ ಶೋಭನಾ ಚೀಲಗಳಿಗೆ ತಲೆಬುರುಡೆಯ ಚೀಟಿ ಅಂಟಿಸಿದಳು. ಆಮೇಲೆ ಆ ಕಡೆ ಈ ಕಡೆ ನೋಡಿ, ಸೆರಗು ತಲೆಗೆಳೆದು, ನಾಲಿಗೆ ತಿರುಗಿಸಿ, ಪೂಜೆಯಲ್ಲಿ ಬಂಗಾಳಿ ಹೆಂಗಸರು ಮಾಡುವ ಮಂಗಳಧ್ವನಿ, ಉಲು ಕೂಗಿದಳು. ವಸುಂಧರಾ ಬಿಳಿ ಕೋಟಿನಲ್ಲಿದ್ದರೂ ತಡೆಯಲಿಲ್ಲ.

ಮೂರ್ತಿಯನ್ನು ಬೀಳ್ಕೊಡುವಾಗ ಬಂಗಾಳಿಗಳು ಕೂಗುವ ಕೂಗೊಂದಿದೆ: ಬರುವ ವರ್ಷ ಮತ್ತೆ ಆಗಲಿ. ಎಷ್ಟೋ ವರ್ಷಗಳ ರೂಢಿ; ತ್ಯಾಜ್ಯದ ಗಾಡಿ ಬಂದು ಚೀಲಗಳನ್ನು ಹೇರಿಕೊಂಡು ಬಾಗಿಲು ಮುಚ್ಚುತ್ತಿದ್ದಂತೆ ತಾರಾಪದ ಬಾಬು ಎರಡೂ ಕೈಯೆತ್ತಿ ಗಂಟಲು ಬಿಚ್ಚಿದರು.

"ಆಶ್ಛೆ ಬೊಛೊರ್..."

"ದಾದಾ!" ಎಂದರು ವಸುಂಧರಾ.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ಬರುವ ವರ್ಷ," ಎಂದರು, "ಬಣ್ಣ ಹಚ್ಚಿಕೊಳ್ಳದೆ ಬಾರಮ್ಮಾ."